ಹೋಟೆಲಿನ ಒಳಾಂಗಣದಲ್ಲಿ ಚರ ಮತ್ತು ಸ್ಥಿರ ಪೀಠೋಪಕರಣಗಳು: ಹಾಸನ ಸೀಮೆಯ ನಾಲ್ಕು ಊರುಗಳನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

೧

ಹೋಟೆಲು ಎಂಬ ಮಾತು ಕನ್ನಡಕ್ಕೆ ಬಂದು ಎರಡು ಅರ್ಥಗಳನ್ನು ಪಡೆದುಕೊಂಡಿದೆ. ಕಾಫಿ, ತಿಂಡಿ, ಊಟಗಳು ದೊರೆಯುವ ಸ್ಥಳವೂ ಹೋಟೆಲೇ. ಪರಸ್ಥಳದವರು ಬಂದು ರಾತ್ರಿ ತಂಗುವ ವಸತಿಗೃಹವೂ ಹೋಟೆಲೇ. ಈ ಎರಡು ಬಗೆಯ ಹೋಟೆಲುಗಳನ್ನು ನಡೆಸುವವರೂ ಬಾಗಿಲು ತೆರೆಯುವುದಕ್ಕೆ ಮುಂಚೆಯೇ ಉತ್ತರಿಸಬೇಕಾದ ಪ್ರಶ್ನೆಯೊಂದುಂಟು. ಕುಳಿತುಕೊಳ್ಳುವ ಪೀಠ, ಉಣ್ಣುವ ಮೇಜು, ಮಲಗುವ ಮಂಚ, ಬಟ್ಟೆಯಿಡುವ ಬೀರು ಇವುಗಳನ್ನು ಕಟ್ಟಡದ ಗೋಡೆ ನೆಲಗಳಿಗೆ ಸೇರಿಸಿ ಕಟ್ಟಿಬಿಡಬೇಕೆ, ಅಥವಾ ಬೇಕಾದಾಗ ಎತ್ತಿ ಬೇರೆಡೆ ಇಡುವಂತೆ ಬಿಡಿಯಾಗಿ ಇರಿಸಿಕೊಳ್ಳಬೇಕೆ? ಮೊದಲನೆಯದನ್ನು ನಾವು ಈ ಲೇಖನದಲ್ಲಿ ಸ್ಥಿರ ಪೀಠೋಪಕರಣವೆಂದೂ ಎರಡನೆಯದನ್ನು ಚರ ಪೀಠೋಪಕರಣವೆಂದೂ ಕರೆಯುತ್ತೇವೆ.

ಪ್ರಶ್ನೆ ಮೇಲುನೋಟಕ್ಕೆ ಕೇವಲ ಅಲಂಕಾರಕ್ಕೆ ಸಂಬಂಧಿಸಿದಂತೆ ತೋರಬಹುದು. ವಾಸ್ತವವಾಗಿ ಹಾಗಲ್ಲ. ಬಾಡಿಗೆಯ ಕಟ್ಟಡದಲ್ಲಿ ಸಾಲ ಮಾಡಿ ಹೋಟೆಲು ತೆರೆದವನ ಬಂಡವಾಳ, ಕೋಣೆಯನ್ನು ಗುಡಿಸಿ ಸಾರಿಸುವ ಹೆಂಗಸಿನ ಬೆನ್ನು, ಮಲಗಿದ ಅತಿಥಿಯ ನಿದ್ರೆ, ಬಾಗಿಲಲ್ಲಿ ನಿಂತವನಿಗೆ ಒಳಗೆ ಸ್ಥಳ ದೊರೆಯುವುದೋ ಇಲ್ಲವೋ ಎಂಬ ಮಾತು, ಇವೆಲ್ಲವೂ ಈ ತೀರ್ಮಾನವನ್ನು ಅವಲಂಬಿಸಿವೆ. ಆದುದರಿಂದ ವಿಷಯವನ್ನು ಕ್ರಮವಾಗಿ ಪರಿಶೀಲಿಸುವುದು ಯುಕ್ತ.

ವಿವೇಚನೆಗೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂಬ ನಾಲ್ಕು ಊರುಗಳನ್ನು ಆರಿಸಿಕೊಂಡಿದ್ದೇವೆ. ನಾಲ್ಕೂ ಒಂದೇ ಜಿಲ್ಲೆಯವಾದರೂ ಅವುಗಳಿಗೆ ಬರುವ ಗಿರಾಕಿಗಳು ಒಂದೇ ತೆರನಾಗಿಲ್ಲ. ಹಾಸನ ಜಿಲ್ಲೆಯ ಮುಖ್ಯ ಪಟ್ಟಣ. ಬೇಲೂರು ಹಳೇಬೀಡುಗಳನ್ನು ನೋಡಲು ಬರುವವರು ತಂಗುವ ಊರು. ಚನ್ನರಾಯಪಟ್ಟಣ ಬೆಂಗಳೂರು–ಮಂಗಳೂರು ಹೆದ್ದಾರಿಯ ಮೇಲಿದ್ದು ಶ್ರವಣಬೆಳಗೊಳಕ್ಕೆ ಹೆಬ್ಬಾಗಿಲಿನಂತಿದೆ. ಹೊಳೆನರಸೀಪುರ ಹೇಮಾವತಿಯ ದಡದಲ್ಲಿ, ಮೈಸೂರು–ಹಾಸನ ರೈಲುಮಾರ್ಗದಲ್ಲಿದೆ. ಅರಕಲಗೂಡು ಮುಖ್ಯವಾಗಿ ಸುತ್ತಲ ರೈತರ ಪೇಟೆ. ಅಲ್ಲಿನ ಹೋಟೆಲಿಗೆ ಬರುವವರಲ್ಲಿ ಪ್ರವಾಸಿಗಳಿಗಿಂತ ಸಂತೆ ಕಚೇರಿಗಳ ಕೆಲಸಕ್ಕೆ ಬಂದವರೇ ಹೆಚ್ಚು.

೨

ಮೊದಲು ಶಬ್ದಗಳನ್ನು ಕುರಿತು ಒಂದು ಮಾತು. ಫ್ರೆಂಚರು ಪೀಠೋಪಕರಣವನ್ನು ‘ಮ್ಯೂಬ್ಲ್’ ಎನ್ನುತ್ತಾರೆ, ಜರ್ಮನರು ‘ಮೋಬೆಲ್’ ಎನ್ನುತ್ತಾರೆ. ಎರಡಕ್ಕೂ ಮೂಲ ‘ಚಲಿಸತಕ್ಕದ್ದು’ ಎಂಬರ್ಥದ ಲ್ಯಾಟಿನ್ ಶಬ್ದ. ಫ್ರೆಂಚಿನಲ್ಲಿ ಕಟ್ಟಡಕ್ಕೆ ಹೆಸರು ‘ಇಮ್ಮ್ಯೂಬ್ಲ್’, ಎಂದರೆ ಚಲಿಸದುದು. ಅಲ್ಲಿನ ಭಾಷೆಯ ದೃಷ್ಟಿಯಿಂದ ನೋಡಿದರೆ ಸ್ಥಿರ ಪೀಠೋಪಕರಣವೆಂಬುದು ಒಂದು ವಿರೋಧೋಕ್ತಿ. ಕನ್ನಡದಲ್ಲಿ ಈ ತೊಡಕಿಲ್ಲ. ನಮ್ಮ ಹಳೆಯ ಕ್ರಯಪತ್ರಗಳು ‘ಸ್ಥಾವರ ಜಂಗಮ ಸ್ವತ್ತು’ ಎಂದು ಎರಡನ್ನೂ ಜೊತೆಜೊತೆಯಾಗಿ ಹೇಳುತ್ತವೆ; ಕೂರುವ ಸಾಧನ ಎರಡರಲ್ಲಿ ಯಾವುದಾದರೂ ಆಗಬಹುದು.

ನಮ್ಮ ಕಡೆಯ ಹಳೆಯ ಮನೆಗಳ ರೀತಿಯೂ ಹಾಗೆಯೇ. ತೊಟ್ಟಿಯ ಮನೆಯಲ್ಲಿ ಕೂರುವ ಮುಖ್ಯ ಸ್ಥಳವಾದ ಜಗಲಿ ಕಟ್ಟಡದ ಭಾಗ. ದೀಪವಿಡುವ ಗೂಡು ಗೋಡೆಯಲ್ಲಿದೆ. ಪಾತ್ರೆ ಪಡಗಗಳನ್ನಿಡುವ ಅಟ್ಟ ತೊಲೆಗಳ ಮೇಲಿದೆ. ಇವು ಸ್ಥಿರ. ಮಣೆ, ಚಾಪೆ, ಜಮಖಾನೆ, ಸುತ್ತಿಟ್ಟ ಹಾಸಿಗೆ ಇವು ಚರ. ಊಟದ ಹೊತ್ತಿಗೆ ಮಣೆಗಳು ಬಂದು ನಡುಮನೆ ಭೋಜನಶಾಲೆಯಾಗುತ್ತದೆ. ರಾತ್ರಿ ಹಾಸಿಗೆ ಬಿಚ್ಚಿದರೆ ಅದೇ ಸ್ಥಳ ಮಲಗುವ ಕೋಣೆಯಾಗುತ್ತದೆ. ವಸ್ತುಗಳನ್ನಿಡುವ ಸ್ಥಳ ಸ್ಥಿರ, ದೇಹಕ್ಕೆ ಒದಗುವ ಆಸನ ಶಯನಗಳು ಬಹುಮಟ್ಟಿಗೆ ಚರ ಎಂಬ ಈ ವಿಭಾಗ ಗಮನಾರ್ಹವಾದುದು. ಜಪಾನಿನ ಸಾಂಪ್ರದಾಯಿಕ ವಸತಿಗೃಹಗಳಲ್ಲಿಯೂ ಇದೇ ತತ್ತ್ವವನ್ನು ಕಾಣುತ್ತೇವೆ: ಹಾಸಿಗೆಯನ್ನು ಹಗಲು ಮಡಚಿ ಗೋಡೆಯೊಳಗಿನ ಕಪಾಟಿನಲ್ಲಿ ಸೇರಿಸುತ್ತಾರೆ, ಕಪಾಟು ಸ್ಥಿರ, ಹಾಸಿಗೆ ಚರ.

ಸಾರ್ವಜನಿಕ ಸ್ಥಳಗಳಲ್ಲಿ ಮಾತ್ರ ಆಸನವೂ ಸ್ಥಿರವಾಗಿರುವುದು ಹಿಂದಿನಿಂದ ಬಂದ ರೂಢಿ. ಹೊಯ್ಸಳ ದೇವಾಲಯಗಳ ಮಂಟಪಗಳ ಅಂಚಿನಲ್ಲಿ ಒರಗುಗಲ್ಲಿನೊಡನೆ ಕಟ್ಟಿದ ಕಕ್ಷಾಸನಗಳನ್ನು ನೋಡಿದವರಿಗೆ ಇದು ವಿದಿತವಾಗಿದೆ. ಬೇಲೂರಿನ ಚೆನ್ನಕೇಶವ ದೇವಾಲಯದ ಪ್ರತಿಷ್ಠೆಯಾದುದು ೧೧೧೭ರಲ್ಲಿ. ಅಂದಿನಿಂದ ಇಂದಿನವರೆಗೆ ಈ ಸೀಮೆಯಲ್ಲಿ ಅಪರಿಚಿತನು ಬಂದು ಕೂರುವ ಕಲ್ಲಿನ ಪೀಠಕ್ಕೆ ಕೊರತೆಯಿಲ್ಲ. ಯಾರೂ ಹೊತ್ತೊಯ್ಯದ, ಮಳೆಬಿಸಿಲಿಗೆ ಹಾಳಾಗದ, ಯಾರ ಅನುಮತಿಯೂ ಇಲ್ಲದೆ ಕೂರಬಹುದಾದ ಆಸನ ಅದು. ಅರಳಿಯ ಕಟ್ಟೆಯೂ ಛತ್ರದ ಜಗಲಿಯೂ ಇದೇ ವರ್ಗಕ್ಕೆ ಸೇರಿದವು.

೩

ಹೋಟೆಲಿನ ಮೇಜು ಕುರ್ಚಿಗಳು ನಮ್ಮಲ್ಲಿ ಹೊಸವು. ಅವುಗಳ ಚರಿತ್ರೆಯನ್ನು ಸಾಮಾಜಿಕ ಚರಿತ್ರೆಯಿಂದ ಬೇರ್ಪಡಿಸಲಾಗದು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಮೈಸೂರು ಸೀಮೆಯ ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಸ್ಥಳವಿರುತ್ತಿತ್ತು. ಅಸ್ಪೃಶ್ಯರೆಂದು ದೂರವಿಡಲ್ಪಟ್ಟವರಿಗೆ ಒಳಗೆ ಪ್ರವೇಶವಿರಲಿಲ್ಲ. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೧೫ನೆಯ ಅನುಚ್ಛೇದ ಸಾರ್ವಜನಿಕ ಭೋಜನಾಲಯಗಳಿಗೂ ಹೋಟೆಲುಗಳಿಗೂ ಪ್ರವೇಶಿಸುವುದರಲ್ಲಿ ಜಾತಿಯ ಕಾರಣದಿಂದ ಯಾರಿಗೂ ಅಡ್ಡಿಯಿರಕೂಡದೆಂದು ವಿಧಿಸಿತು. ೧೭ನೆಯ ಅನುಚ್ಛೇದ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ೧೯೫೫ರ ಕಾನೂನು ಅಂಥ ಅಡ್ಡಿಯನ್ನು ಶಿಕ್ಷಾರ್ಹ ಅಪರಾಧವನ್ನಾಗಿ ಮಾಡಿತು.

ಪೀಠೋಪಕರಣಕ್ಕೂ ಇದಕ್ಕೂ ಏನು ಸಂಬಂಧವೆಂದು ಕೇಳಬಹುದು. ಪಂಕ್ತಿಯಲ್ಲಿ ನೆಲದ ಮೇಲೆ ಕುಳಿತು ಉಣ್ಣುವಾಗ ಯಾರ ಪಕ್ಕದಲ್ಲಿ ಯಾರೆಂಬುದನ್ನು ಬಡಿಸುವವರು ನಿಶ್ಚಯಿಸುತ್ತಿದ್ದರು. ಮೇಜು ಬಂದ ಮೇಲೆ ಬರಿದಾದ ಸ್ಥಳದಲ್ಲಿ ಬಂದವನು ಕೂರುವ ರೂಢಿ ಬೆಳೆಯಿತು. ಜನಸಂದಣಿಯ ಹೊತ್ತಿನಲ್ಲಿ ನಾಲ್ವರ ಮೇಜಿಗೆ ನಾಲ್ವರು ಅಪರಿಚಿತರು ಎದುರುಬದುರಾಗಿ ಕುಳಿತು ಉಣ್ಣುವುದು ಇಂದು ನಮಗೆ ಸಹಜವಾಗಿ ಕಾಣುತ್ತದೆ. ಅದು ಸಹಜವಾದುದು ಬಹು ಹಿಂದೇನೂ ಅಲ್ಲ. ಆದರೆ ಕಟ್ಟಡದ ಹೊರ ಜಗಲಿಯ ಮೇಲೆ ಕೆಲವರಿಗಾಗಿಯೇ ಗಾರೆಯ ಬೆಂಚನ್ನು ಕಟ್ಟಿಸಿದ್ದರೆ ಆ ಭೇದ ಗಾರೆಯಲ್ಲಿಯೇ ಉಳಿದುಬಿಡುತ್ತದೆ. ಕಾನೂನು ಬದಲಾದರೂ ಬೆಂಚು ಇದ್ದಲ್ಲೇ ಇರುತ್ತದೆ. ಚರ ಪೀಠಗಳು ತಾವಾಗಿ ಸಮಾನತೆಯನ್ನು ತರುವುದಿಲ್ಲವೆಂಬುದು ನಿಜ. ಬದಲಾವಣೆಗೆ ಅಡ್ಡ ಬರುವುದಿಲ್ಲವೆಂಬುದಷ್ಟೇ ಅವುಗಳ ಗುಣ. ಸ್ಥಿರವಾದುದನ್ನು ಕಟ್ಟುವವನು ಯಾವ ನಡವಳಿಕೆಯನ್ನು ಸ್ಥಿರಗೊಳಿಸುತ್ತಿದ್ದೇನೆಂದು ಯೋಚಿಸಬೇಕಾದುದು ಇದರಿಂದ ಸ್ಪಷ್ಟವಾಗುತ್ತದೆ. ಗಾಲಿಕುರ್ಚಿಯಲ್ಲಿ ಬರುವ ಅತಿಥಿಯ ವಿಷಯದಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ: ಬಿಡಿ ಕುರ್ಚಿಯೊಂದನ್ನು ತೆಗೆದರೆ ಅವನಿಗೆ ಮೇಜಿನ ಬಳಿ ಸ್ಥಳವಾಗುತ್ತದೆ, ನೆಲಕ್ಕೆ ಬಿಗಿದ ಬೆಂಚನ್ನು ತೆಗೆಯುವಂತಿಲ್ಲ.

೪

ಇನ್ನು ಸ್ಥಳದ ಮಿತವ್ಯಯ. ಸ್ಥಿರ ಪೀಠದ ಪಕ್ಷಪಾತಿಗಳ ಬಲವಾದ ವಾದ ಇದೇ. ಒಂದು ಕಲ್ಪಿತ ಉದಾಹರಣೆಯಿಂದ ಇದನ್ನು ಲೆಕ್ಕ ಹಾಕೋಣ. ೧೨ ಅಡಿ ಅಗಲ, ೨೦ ಅಡಿ ಉದ್ದದ ಒಂದು ಹಜಾರವಿದೆಯೆನ್ನೋಣ. ಎರಡು ಉದ್ದ ಗೋಡೆಗಳಿಗೂ ಸೇರಿಸಿ, ೪ ಅಡಿ ಉದ್ದದ ಮೇಜುಗಳನ್ನು ಗೋಡೆಯಿಂದ ಮುಂಚಾಚಿದಂತೆ ಹಾಕಿದರೆ ನಡುವೆ ೪ ಅಡಿಯ ದಾರಿ ಉಳಿಯುತ್ತದೆ. ಸ್ಥಿರ ಬೆಂಚಿನ ಆಳ ಒಂದೂವರೆ ಅಡಿ, ಮೇಜಿನ ಅಗಲ ೨ ಅಡಿ, ಎದುರು ಬೆಂಚು ಒಂದೂವರೆ ಅಡಿ. ಒಟ್ಟು ೫ ಅಡಿ. ಒರಗುಹಲಗೆಯ ದಪ್ಪವನ್ನು ಬಿಟ್ಟರೆ ೨೦ ಅಡಿಯ ಗೋಡೆಗೆ ನಾಲ್ಕು, ಎರಡು ಗೋಡೆಗಳಿಗೆ ಎಂಟು ಮೇಜುಗಳಾಗಿ ೩೨ ಜನ ಕೂರಬಹುದು. ಬಿಡಿ ಕುರ್ಚಿಗಳಾದರೆ ಅವನ್ನು ಹಿಂದಕ್ಕೆಳೆದು ಕೂರುವುದಕ್ಕೆ ಪ್ರತಿಯೊಂದು ಕಡೆಯಲ್ಲಿಯೂ ಸುಮಾರು ಎರಡೂಕಾಲು ಅಡಿ ಬೇಕು. ಒಟ್ಟು ಆರೂವರೆ ಅಡಿ. ಆಗ ಗೋಡೆಗೆ ಮೂರರಂತೆ ಆರು ಮೇಜು, ೨೪ ಜನ. ಎಂದರೆ ಅದೇ ಬಾಡಿಗೆಯ ಸ್ಥಳದಲ್ಲಿ ಸ್ಥಿರ ಬೆಂಚುಗಳು ಎಂಟು ಜನಕ್ಕೆ ಹೆಚ್ಚಾಗಿ ಎಡೆ ಕೊಡುತ್ತವೆ. ರೈಲುಗಾಡಿಯ ಮಲಗುವ ಹಲಗೆಗಳನ್ನು ಡಬ್ಬಿಗೇ ಬಿಗಿದಿರುವುದಕ್ಕೆ ಇದೂ ಒಂದು ಕಾರಣ.

ಈ ತತ್ತ್ವವನ್ನು ಕೊನೆಯವರೆಗೆ ಒಯ್ದುದು ದರ್ಶಿನಿ ಪದ್ಧತಿ. ೧೯೮೩ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಮೊದಲಾದ ಈ ಬಗೆಯ ಹೋಟೆಲಿನಲ್ಲಿ ಕುರ್ಚಿಯೇ ಇಲ್ಲ. ನಿಂತು ತಿನ್ನುವ ಎತ್ತರದ ಮೇಜುಗಳು ಮಾತ್ರ. ಹೆದ್ದಾರಿಯ ಬಸ್ಸು ಹತ್ತು ನಿಮಿಷ ನಿಲ್ಲುವ ಊರುಗಳಲ್ಲಿ ಇದರ ಅನುಕೂಲವನ್ನು ವಿವರಿಸಬೇಕಾದುದಿಲ್ಲ.

ಆದರೆ ಲೆಕ್ಕ ಇಷ್ಟಕ್ಕೇ ಮುಗಿಯುವುದಿಲ್ಲ. ಗಿರಾಕಿಗಳು ನಾಲ್ಕು ನಾಲ್ಕಾಗಿ ಬರುವುದಿಲ್ಲವಷ್ಟೆ. ಆರು ಜನರ ಕುಟುಂಬವೊಂದು ಬಂದರೆ ಸ್ಥಿರ ವ್ಯವಸ್ಥೆಯಲ್ಲಿ ನಾಲ್ವರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ ಕೂರಬೇಕಾಗುತ್ತದೆ. ಬಿಡಿ ಮೇಜುಗಳಾದರೆ ಎರಡನ್ನು ಕೂಡಿಸಿದರೆ ತೀರಿತು. ತಿಂಡಿಯ ಹೊತ್ತಿನಲ್ಲಿ ಒಬ್ಬಂಟಿಗರೇ ಹೆಚ್ಚಾಗಿ ಬರುವ ಅರಕಲಗೂಡಿನಂಥ ಪೇಟೆಯ ಹೋಟೆಲಿಗೆ ಸ್ಥಿರ ಬೆಂಚು ಒಗ್ಗುತ್ತದೆ. ಕುಟುಂಬಸಮೇತ ಯಾತ್ರಿಕರು ಬರುವ ಚನ್ನರಾಯಪಟ್ಟಣದ ಹೋಟೆಲಿಗೆ ಬಿಡಿ ಮೇಜು ಹೆಚ್ಚು ಒಗ್ಗುತ್ತದೆ. ಅಳತೆಪಟ್ಟಿ ತೋರಿಸುವ ಲಾಭವನ್ನು ಗಿರಾಕಿಯ ಸ್ವಭಾವ ಕಳೆಯಲೂಬಹುದು, ಹೆಚ್ಚಿಸಲೂಬಹುದು.

ವಸತಿಗೃಹಗಳಲ್ಲಿ ಕಾಲಭೇದವನ್ನೂ ಎಣಿಸಬೇಕು. ಹಾಸನದ ಹಾಸನಾಂಬೆಯ ಗುಡಿ ವರ್ಷಕ್ಕೊಮ್ಮೆ, ಆಶ್ವಯುಜದಿಂದ ಬಲಿಪಾಡ್ಯಮಿಯ ಸುಮಾರಿಗೆ, ಕೆಲವು ದಿನಗಳು ಮಾತ್ರ ತೆರೆಯುತ್ತದೆ. ಆಗ ಊರಿನಲ್ಲಿ ಕೋಣೆ ದೊರೆಯುವುದೇ ದುರ್ಲಭ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ ಸಾಮಾನ್ಯವಾಗಿ ಹನ್ನೆರಡು ವರ್ಷಗಳಿಗೊಮ್ಮೆ ಬರುತ್ತದೆ; ೧೯೮೧, ೧೯೯೩, ೨೦೦೬, ೨೦೧೮ರಲ್ಲಿ ನಡೆದಿದೆ. ಅಂಥ ಮಹಾಸಂದರ್ಭಗಳಿಗೆ ಯಾತ್ರಿಕರಿಗಾಗಿ ತಾತ್ಕಾಲಿಕ ನಗರಗಳನ್ನೇ ನಿರ್ಮಿಸುತ್ತಾರೆ. ಅಲ್ಲಿ ಮಂಚವಿರಲಿ, ಮನೆಯೇ ಚರ. ಹೀಗೆ ಕೆಲವು ದಿನ ತುಂಬಿ ತುಳುಕಿ ಉಳಿದ ದಿನಗಳಲ್ಲಿ ಸಾಧಾರಣವಾಗಿರುವ ಊರಿನ ಕೋಣೆಯಲ್ಲಿ ೬ ಅಡಿ ಅಗಲದ ಕಟ್ಟಿದ ಮಂಚಕ್ಕಿಂತ ೩ ಅಡಿ ಅಗಲದ ಎರಡು ಬಿಡಿ ಮಂಚಗಳು ಮೇಲು. ದಂಪತಿಗಳಿಗೆ ಕೂಡಿಸಬಹುದು, ಸ್ನೇಹಿತರಿಗೆ ಬಿಡಿಸಬಹುದು, ಜಾತ್ರೆಯ ದಿನ ಗೋಡೆಗೆ ಸರಿಸಿ ನಡುವೆ ಹಾಸಿಗೆಗಳನ್ನು ಹಾಸಬಹುದು.

೫

ಮೂರನೆಯದು ಆರೋಗ್ಯ ಮತ್ತು ಶುಚಿತ್ವದ ವಿಷಯ. ಮಂಚದಲ್ಲಿ ತಿಗಣೆ ಸೇರಿದರೆ ನಮ್ಮ ಮನೆಗಳಲ್ಲಿ ಹಿರಿಯರು ಅದನ್ನು ಅಂಗಳಕ್ಕೆ ತಂದು ಬಿಸಿಲಿಗೆ ಹಾಕಿ, ಸಂದುಗಳಿಗೆ ಕುದಿಯುವ ನೀರನ್ನು ಹೊಯ್ಯುತ್ತಿದ್ದರು. ಇದು ಅರ್ಥವಿಲ್ಲದ ಆಚಾರವಲ್ಲ. ಸುಮಾರು ೫೦ ಡಿಗ್ರಿ ಸೆಲ್ಸಿಯಸ್ ಶಾಖ ತಗುಲಿದರೆ ತಿಗಣೆಯೂ ಅದರ ಮೊಟ್ಟೆಯೂ ಸಾಯುತ್ತವೆ. ಕುದಿನೀರು ಸಂದಿನೊಳಗೆ ಆ ಶಾಖವನ್ನು ಮುಟ್ಟಿಸುತ್ತದೆ. ಗೋಡೆಗೆ ಬಿಗಿದ ಪ್ಲೈವುಡ್ ಮಂಚವನ್ನು ಅಂಗಳಕ್ಕೆ ಒಯ್ಯುವಂತಿಲ್ಲ, ಅದರ ಮೇಲೆ ಕುದಿನೀರು ಹೊಯ್ಯುವಂತೆಯೂ ಇಲ್ಲ. ಅದರ ಒಳಗಣ ಸಂದುಗಳು ಕಣ್ಣಿಗೂ ಕೈಗೂ ನಿಲುಕುವುದಿಲ್ಲ.

ಗೆದ್ದಲಿನ ವಿಷಯವೂ ಹೀಗೆಯೇ. ನೆಲದಲ್ಲಿ ಗೂಡು ಮಾಡುವ ಗೆದ್ದಲು ಮಣ್ಣಿನ ಸುರಂಗವನ್ನು ಕಟ್ಟಿಕೊಂಡು ಗೋಡೆಯ ಮೇಲೆ ಏರುತ್ತದೆ. ಕಾಲುಗಳ ಮೇಲೆ ನಿಂತ ಬೀರುವಾದರೆ ಆ ಮಣ್ಣಿನ ಗೆರೆ ಗುಡಿಸುವವರ ಕಣ್ಣಿಗೆ ಬೀಳುತ್ತದೆ. ಗೋಡೆಗೆ ಅಂಟಿಸಿ ಕಟ್ಟಿದ ಬೀರುವಿನ ಬೆನ್ನ ಹಲಗೆಯನ್ನು ಅದು ತಿಂದು ಮುಗಿಸಿದ ಮೇಲೆಯೇ ತಿಳಿಯುವುದು. ಮಳೆಗಾಲದಲ್ಲಿ ಹೊರಗೋಡೆ ನೀರು ಹೀರಿದರೆ ಅದಕ್ಕೆ ತಗುಲಿದ ಹಲಗೆ ಬೂಷ್ಟು ಹಿಡಿಯುತ್ತದೆ. ಬಟ್ಟೆಗೆ ಮುಗ್ಗಲು ವಾಸನೆ ಬರುತ್ತದೆ. ಮಲೆನಾಡಿನ ಅಂಚಿಗಿರುವ ಹಾಸನ, ಅರಕಲಗೂಡುಗಳಲ್ಲಿ ಇದನ್ನು ಅವಶ್ಯವಾಗಿ ನೆನಪಿನಲ್ಲಿಡಬೇಕು. ಪ್ಲೈವುಡ್ಡಿನಲ್ಲಿಯೂ ದರ್ಜೆಗಳುಂಟು. ಸಾಮಾನ್ಯ ಉಪಯೋಗದ ಪ್ಲೈವುಡ್ಡಿಗೆ ಭಾರತೀಯ ಮಾನಕ ೩೦೩ ಅನ್ವಯಿಸುತ್ತದೆ. ಅದರಲ್ಲಿ ತೇವವನ್ನು ಸ್ವಲ್ಪಮಟ್ಟಿಗೆ ತಡೆಯುವುದು ಒಂದು ದರ್ಜೆ, ಕುದಿಯುವ ನೀರನ್ನೂ ತಾಳುವುದು ಇನ್ನೊಂದು. ಸಮುದ್ರಯಾನಕ್ಕೆ ತಕ್ಕ ಪ್ಲೈವುಡ್ಡಿನ ಮಾನಕ ೭೧೦. ಚರ ವಸ್ತುವಿಗೆ ಮೊದಲನೆಯ ದರ್ಜೆ ಸಾಲಬಹುದಾದ ಸ್ಥಳದಲ್ಲಿಯೇ ಗೋಡೆಗೆ ತಗುಲುವ ಸ್ಥಿರ ವಸ್ತುವಿಗೆ ಮೇಲಿನ ದರ್ಜೆ ಬೇಕಾಗುತ್ತದೆ. ವೆಚ್ಚ ಅಷ್ಟರಮಟ್ಟಿಗೆ ಏರುತ್ತದೆ.

ಸ್ಥಿರ ಪಕ್ಷಕ್ಕೂ ಇಲ್ಲಿ ಹೇಳಲು ಮಾತುಂಟು. ನೆಲದವರೆಗೆ ಮುಚ್ಚಿ ಕಟ್ಟಿದ ಮಂಚದ ಕೆಳಗೆ ಕಸ ಸೇರುವುದಿಲ್ಲ. ಗುಡಿಸುವವರು ದಿನಕ್ಕೆ ಹತ್ತು ಹದಿನೈದು ಕೋಣೆಗಳಲ್ಲಿ ಮಂಡಿಯೂರಿ ಬಗ್ಗಬೇಕಾದುದಿಲ್ಲ, ಭಾರವಾದ ತೇಗದ ಮಂಚವನ್ನು ಎಳೆಯಬೇಕಾದುದಿಲ್ಲ. ಹೋಟೆಲಿನ ಪೀಠೋಪಕರಣವನ್ನು ಕುರಿತ ಚರ್ಚೆಗಳಲ್ಲಿ ಈ ಕೆಲಸಗಾರರ ಅಭಿಪ್ರಾಯವನ್ನು ಕೇಳುವವರು ವಿರಳ. ಚರವೆಂದು ಹೆಸರು ಪಡೆದ ವಸ್ತು ನಾಲ್ವರು ಸೇರಿದರಲ್ಲದೆ ಅಲುಗದಿದ್ದರೆ ಅದು ಹೆಸರಿಗೆ ಮಾತ್ರ ಚರ. ಒಬ್ಬ ವ್ಯಕ್ತಿ ಎತ್ತಬಲ್ಲುದು ಅಥವಾ ಇಬ್ಬರು ಸರಿಸಬಲ್ಲುದು ಎಂಬುದನ್ನೇ ಚರತ್ವದ ಪ್ರಮಾಣವೆಂದು ಇಟ್ಟುಕೊಳ್ಳುವುದು ಮೇಲು. ಇದಕ್ಕೆ ಉತ್ತಮ ನಿದರ್ಶನ ೧೮೫೯ರಲ್ಲಿ ಮೈಕೇಲ್ ತೋನೆಟ್ ಎಂಬಾತ ರೂಪಿಸಿದ ಬಾಗುಮರದ ಕುರ್ಚಿ. ಆರು ಮರದ ಭಾಗಗಳು, ಹತ್ತು ತಿರುಪುಗಳು, ಎರಡು ನಟ್ಟುಗಳು, ಇಷ್ಟೇ ಅದರ ಸಾಮಗ್ರಿ. ಬಿಚ್ಚಿದ ೩೬ ಕುರ್ಚಿಗಳು ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಹಿಡಿಯುತ್ತಿದ್ದುವು. ಯೂರೋಪಿನ ಕಾಫಿಗೃಹಗಳಿಗಾಗಿ ಹರಡಿದ ಈ ಜಾತಿಯ ಕುರ್ಚಿಗಳೇ ಮುಂಬಯಿಯ ಇರಾನಿ ಹೋಟೆಲುಗಳಲ್ಲಿ ಅಮೃತಶಿಲೆಯ ಮೇಜುಗಳ ಸುತ್ತ ಕಾಣಬರುವುವು.

೬

ಕೊನೆಯದಾಗಿ ಕಾನೂನು. ಚಿಕ್ಕ ಹೋಟೆಲುದಾರನಿಗೆ ಎಲ್ಲಕ್ಕಿಂತ ಹೆಚ್ಚಿನ ಹಾನಿ ಸಂಭವಿಸುವುದು ಇಲ್ಲಿಯೇ. ಸಾಮಾನ್ಯವಾಗಿ ಯಾರೂ ಮುಂಚಿತವಾಗಿ ಯೋಚಿಸದಿರುವುದೂ ಇದನ್ನೇ.

ಬಾಡಿಗೆಯ ಕಟ್ಟಡದಲ್ಲಿ ಹೋಟೆಲು ತೆರೆಯುವವನೊಬ್ಬನನ್ನು ಊಹಿಸಿಕೊಳ್ಳೋಣ. ಅವನ ಕರಾರು ಹನ್ನೊಂದು ತಿಂಗಳದು. ಏಕೆಂದರೆ ಒಂದು ವರ್ಷವನ್ನು ಮೀರಿದ ಗುತ್ತಿಗೆಯ ಪತ್ರವನ್ನು ನೋಂದಾಯಿಸಬೇಕಾಗುತ್ತದೆ. ಸಾಲ ತಂದು ಗೋಡೆಗೆ ಬೆಂಚುಗಳನ್ನು ಕಟ್ಟಿಸುತ್ತಾನೆ, ನೆಲಕ್ಕೆ ಮೇಜುಗಳನ್ನು ಗಾರೆಯಲ್ಲಿ ಹೂಳಿಸುತ್ತಾನೆ, ಬೀರುಗಳನ್ನು ಗೋಡೆಯಲ್ಲಿ ಸೇರಿಸುತ್ತಾನೆ. ಮೂರು ವರ್ಷ ಕಳೆದ ಮೇಲೆ ಮಾಲೀಕರು ಕಟ್ಟಡವನ್ನು ಬಿಡುವಂತೆ ಹೇಳುತ್ತಾರೆ. ಅಥವಾ ಹೆದ್ದಾರಿ ಊರಿನ ಹೊರಗೆ ಹಾದು, ಗಿರಾಕಿಗಳು ಅತ್ತ ಹೋಗುತ್ತಾರೆ. ಆಗ ಅವನು ಏನನ್ನು ಒಯ್ಯಬಹುದು?

೧೮೮೨ರ ಸ್ವತ್ತು ವರ್ಗಾವಣೆ ಅಧಿನಿಯಮದ ೩ನೆಯ ಪ್ರಕರಣದ ಪ್ರಕಾರ ಭೂಮಿಯಲ್ಲಿ ಬೇರೂರಿದುದು, ಗೋಡೆಯಂತೆ ಭೂಮಿಯಲ್ಲಿ ನಾಟಿಕೊಂಡುದು, ಹಾಗೆ ನಾಟಿಕೊಂಡುದರ ಶಾಶ್ವತ ಉಪಭೋಗಕ್ಕಾಗಿ ಅದಕ್ಕೆ ಜೋಡಿಸಿದುದು, ಈ ಮೂರೂ ಭೂಮಿಗೆ ಲಗತ್ತಾದವು. ವಸ್ತು ಎಷ್ಟು ಬಿಗಿಯಾಗಿ ಜೋಡಿಕೊಂಡಿದೆ, ಯಾವ ಉದ್ದೇಶದಿಂದ ಜೋಡಿಸಿದೆ ಎಂಬ ಎರಡು ಪ್ರಶ್ನೆಗಳಿಂದ ಇದನ್ನು ನಿರ್ಣಯಿಸುವ ಕ್ರಮ ೧೮೭೨ರ ಹಾಲೆಂಡ್–ಹಾಜ್‌ಸನ್ ಎಂಬ ಆಂಗ್ಲ ಮೊಕದ್ದಮೆಯಿಂದ ಪ್ರಸಿದ್ಧವಾಯಿತು. ಅಲ್ಲಿ ನ್ಯಾಯಾಧೀಶ ಬ್ಲ್ಯಾಕ್‌ಬರ್ನ್ ಕೊಟ್ಟ ಉದಾಹರಣೆ ವಿದ್ಯಾರ್ಥಿಗಳು ನೆನಪಿಡತಕ್ಕದ್ದು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಗೋಡೆ ಕಟ್ಟಿದರೆ ಆ ಕಲ್ಲುಗಳು ಭೂಮಿಯ ಭಾಗವಾಗುತ್ತವೆ. ಅದೇ ಕಲ್ಲುಗಳನ್ನು ಕಟ್ಟಡದ ಕೆಲಸಗಾರನು ಅನುಕೂಲಕ್ಕಾಗಿ ಒಂದರ ಮೇಲೊಂದು ಪೇರಿಸಿಟ್ಟರೆ ಅವು ಚರಸ್ವತ್ತಾಗಿಯೇ ಉಳಿಯುತ್ತವೆ. ವಸ್ತು ಒಂದೇ, ಉದ್ದೇಶ ಬೇರೆ.

ನಮ್ಮ ಅಧಿನಿಯಮ ಗುತ್ತಿಗೆದಾರನಿಗೆ ಇಂಗ್ಲೆಂಡಿನ ಹಳೆಯ ನ್ಯಾಯಕ್ಕಿಂತ ಹೆಚ್ಚು ಅನುಕೂಲವಾಗಿದೆ. ೧೦೮ನೆಯ ಪ್ರಕರಣದ ಪ್ರಕಾರ, ವಿರುದ್ಧವಾದ ಕರಾರು ಅಥವಾ ಸ್ಥಳೀಯ ರೂಢಿ ಇಲ್ಲದಿದ್ದರೆ, ತಾನು ಲಗತ್ತಿಸಿದ ವಸ್ತುಗಳನ್ನು ಗುತ್ತಿಗೆದಾರನು ಸ್ವತ್ತು ತನ್ನ ಸ್ವಾಧೀನದಲ್ಲಿರುವವರೆಗೆ, ಗುತ್ತಿಗೆ ಮುಗಿದ ಬಳಿಕ ಕೂಡ, ತೆಗೆದುಕೊಳ್ಳಬಹುದು. ಆದರೆ ಸ್ವತ್ತನ್ನು ತಾನು ಪಡೆದ ಸ್ಥಿತಿಯಲ್ಲಿಯೇ ಬಿಟ್ಟುಕೊಡಬೇಕು. ಹಕ್ಕಿದ್ದರೂ ಪ್ರಯೋಜನವೆಷ್ಟೆಂದು ಯೋಚಿಸಿದರೆ ನಮ್ಮ ಹೋಟೆಲುದಾರನ ಕಷ್ಟ ಅರ್ಥವಾಗುತ್ತದೆ. ಗಾರೆಯ ಬೆಂಚನ್ನು ಒಡೆದರೆ ದೊರೆಯುವುದು ಇಟ್ಟಿಗೆಯ ಚೂರು. ಗೋಡೆಯ ಅಳತೆಗೆ ಕುಯ್ದ ಪ್ಲೈವುಡ್ಡು ಬೇರೆ ಗೋಡೆಗೆ ಕೂಡುವುದಿಲ್ಲ. ಮೇಲೆ ಗೋಡೆ ನೆಲಗಳನ್ನು ಸರಿಪಡಿಸುವ ವೆಚ್ಚ. ಕೊನೆಗೆ ಅವನು ಅವನ್ನು ಅಲ್ಲಿಯೇ ಬಿಟ್ಟು, ಪಾತ್ರೆಗಳನ್ನೂ ಗಲ್ಲಾಪೆಟ್ಟಿಗೆಯನ್ನೂ ತೆಗೆದುಕೊಂಡು, ಸಾಲದೊಡನೆ ಹೊರಡುತ್ತಾನೆ. ಬಿಡಿ ಮೇಜು ಕುರ್ಚಿಗಳಿದ್ದರೆ ಒಂದು ಲಾರಿಯಲ್ಲಿ ಹೇರಿಕೊಂಡು ಹೊಸ ಸ್ಥಳದಲ್ಲಿ ಮರುದಿನವೇ ಬಾಗಿಲು ತೆರೆಯಬಹುದಿತ್ತು. ಬೇಡವೆಂದರೆ ಮಾರಿ ಸಾಲದಲ್ಲಿ ಒಂದು ಭಾಗವನ್ನಾದರೂ ತೀರಿಸಬಹುದಿತ್ತು. ಸ್ವಂತ ಕಟ್ಟಡವುಳ್ಳವನಿಗೆ ಈ ಭಯವಿಲ್ಲ. ಆದುದರಿಂದ ಸ್ಥಿರವೋ ಚರವೋ ಎಂಬ ಪ್ರಶ್ನೆಗೆ ಮುಂಚೆ ಕಟ್ಟಡ ಯಾರದು, ಎಷ್ಟು ಕಾಲಕ್ಕೆ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳತಕ್ಕದ್ದು.

೭

ಮೇಲಿನ ವಿವೇಚನೆಯಿಂದ ಎರಡು ಪಕ್ಷಗಳಲ್ಲಿ ಯಾವುದೊಂದೂ ಸರ್ವತ್ರ ಗ್ರಾಹ್ಯವಲ್ಲವೆಂದು ತೋರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಹಳೆಯ ತೊಟ್ಟಿಯ ಮನೆಯ ನಿಯಮವೇ ಇಂದಿನ ಹೋಟೆಲಿಗೂ ಮಾರ್ಗದರ್ಶಕವಾಗಬಲ್ಲದು. ವಸ್ತುಗಳನ್ನಿಡುವ ಸ್ಥಳ, ಎಂದರೆ ಪೆಟ್ಟಿಗೆಯಿಡುವ ಕಟ್ಟೆ, ಗೋಡೆಯ ಗೂಡು, ಕೈತೊಳೆಯುವ ತೊಟ್ಟಿ, ಸ್ಥಿರವಾಗಿರಲಿ. ದೇಹಕ್ಕೆ ತಗುಲುವ ಮಂಚ, ಕುರ್ಚಿ, ಹಾಸಿಗೆಗಳು ಚರವಾಗಿರಲಿ. ಭೋಜನಶಾಲೆಯಲ್ಲಿ ಸ್ಥಳ ಕಿರಿದಾಗಿದ್ದರೆ ಗೋಡೆಯುದ್ದಕ್ಕೂ ಒಂದು ಸ್ಥಿರ ಬೆಂಚನ್ನು ಹಾಕಿ, ಅದರ ಮುಂದೆ ಬಿಡಿ ಮೇಜುಗಳನ್ನೂ ಎದುರಿಗೆ ಬಿಡಿ ಕುರ್ಚಿಗಳನ್ನೂ ಇಡುವ ಮಿಶ್ರಪದ್ಧತಿ ಎರಡರ ಗುಣಗಳನ್ನೂ ಬಹುಮಟ್ಟಿಗೆ ಒದಗಿಸುತ್ತದೆ.

ಬಾಡಿಗೆಯ ಕಟ್ಟಡದಲ್ಲಿ ಸ್ಥಿರ ವಸ್ತು ಅನಿವಾರ್ಯವಾದರೆ ಕೆಲವು ಎಚ್ಚರಿಕೆಗಳನ್ನು ಪಾಲಿಸಬಹುದು. ಗಾರೆಯಿಂದ ಹೂಳದೆ ತಿರುಪು ಬೋಲ್ಟುಗಳಿಂದ ಬಿಗಿಯುವುದು. ಬಾಗಿಲಿನಲ್ಲಿ ಹಿಡಿಸುವಷ್ಟು ಅಗಲದ ಭಾಗಗಳಾಗಿ ಬಡಗಿಯಿಂದ ಮಾಡಿಸುವುದು. ಗೋಡೆಯಿಂದ ಒಂದಂಗುಲ, ನೆಲದಿಂದ ಗುಡಿಸಲು ಸಾಲುವಷ್ಟು ತೆರಪು ಬಿಟ್ಟು ಗಾಳಿಯಾಡಲು ರಂಧ್ರಗಳನ್ನಿಡುವುದು. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಯಾವ ವಸ್ತು ಗುತ್ತಿಗೆದಾರನದೆಂಬ ಪಟ್ಟಿಯನ್ನು ಕರಾರುಪತ್ರದಲ್ಲಿಯೇ ಬರೆಯಿಸುವುದು.

ಗೃಹವಿಜ್ಞಾನ, ವಾಸ್ತುಶಿಲ್ಪ, ವಾಣಿಜ್ಯ, ನ್ಯಾಯಶಾಸ್ತ್ರಗಳನ್ನು ಬೇರೆ ಬೇರೆ ಕೊಠಡಿಗಳಲ್ಲಿ ಓದುವ ನಮ್ಮ ವಿದ್ಯಾರ್ಥಿಗಳು ತಮ್ಮ ಊರಿನ ಬಸ್ ನಿಲ್ದಾಣದೆದುರಿನ ಹೋಟೆಲಿಗೆ ಅಳತೆಪಟ್ಟಿಯೊಡನೆ ಹೋಗಿ, ಅಲ್ಲಿ ಬೆಂಚು ಎಷ್ಟು ಅಗಲ, ಅದನ್ನು ಕಟ್ಟಿಸಿದವರು ಯಾರು, ಗುಡಿಸುವವರು ಅದನ್ನು ಕುರಿತು ಏನು ಹೇಳುತ್ತಾರೆ ಎಂದು ಕೇಳಿ ಬರೆದುಕೊಂಡು ಬಂದರೆ ಈ ನಾಲ್ಕು ಶಾಸ್ತ್ರಗಳೂ ಒಂದೇ ಬೆಂಚಿನ ಮೇಲೆ ಕುಳಿತಿರುವುದನ್ನು ಕಾಣುವರು.